ಮೂರು ಗಂಟೆಯ ರಾಜ್ಯಭಾರ

ಬಿಯರಿಗೆ ಹಾಕಿದ ಜುಲಾಬಿನ ಪುಡಿಯನ್ನು ಸೈಲಸ್ ಥಾರ್ನ್‌ಬಿ ಬೆರಳಿನಿಂದಲೇ ಕಲಕಿದ. ರಾಜನ ಕೊಲೆ ಬೇರೆ, ರಾಜನಿಗೆ ಭೇದಿ ಹತ್ತಿಸುವುದು ಬೇರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ರಾಜನೆಂದರೆ ರೂಪರ್ಟ್ ಗ್ಯಾರವೇ, ನಾಟಕ ಕಂಪನಿಯ ಮುಖ್ಯ ನಟ. ಸ್ಕಾಟ್ಲೆಂಡಿನ ಕೊಲೆಗಡುಕ ರಾಜನ ಆ ದುರಂತ ನಾಟಕದಲ್ಲಿ ಹನ್ನೆರಡು ವರ್ಷದಿಂದ ಕಿರೀಟ ಅವನದೇ. (ನಾಟಕದ ಹೆಸರು ಹೇಳಿದರೆ ಅಪಶಕುನವಂತೆ, ಹೇಳುವುದಿಲ್ಲ.) ಸೈಲಸ್‌ನದು ರಾಜನ ಗೆಳೆಯನ ಪಾರ್ಟು. ಅರ್ಧ ನಾಟಕಕ್ಕೇ ಕೊಲೆಯಾಗಿ, ಆಮೇಲೊಮ್ಮೆ ಮಾತಿಲ್ಲದ ದೆವ್ವವಾಗಿ ಬಂದುಹೋದರೆ ಮುಗಿಯಿತು. ಮಿಕ್ಕ ಹೊತ್ತೆಲ್ಲ ಉಡುಪಿನ ಕೋಣೆಯಲ್ಲಿ, ಹೊಲಿಗೆ ಹಾಕುವ ಹೆಂಡತಿ ವಿನಿಫ್ರೆಡ್‌ಳ ಪಕ್ಕ ಕುಳಿತು ಗೊಣಗುವುದು. ಒಂದು ಸಂಜೆಯೂ ತಪ್ಪಿಸದೆ ಒಂಬತ್ತು ವರ್ಷ ಗೊಣಗಿದ್ದ. ಗ್ಯಾರವೇ ಕಾಯಿಲೆ ಬಿದ್ದರೆ ರಾಜನ ಪಾರ್ಟು ಸೈಲಸ್‌ಗೆ ಎಂದು ಕಂಪನಿಯ ಕರಾರು, ಆದರೆ ಗ್ಯಾರವೇ ಒಮ್ಮೆಯೂ ಕಾಯಿಲೆ ಬಿದ್ದಿರಲಿಲ್ಲ.

ಹೋದ ವಾರ ಸ್ಕಾರ್ಬರೋ ಕಡಲತೀರದ ಕಣಿಯವಳ ಗುಡಾರಕ್ಕೆ ಅವನನ್ನು ಎಳೆದುಕೊಂಡು ಹೋದವಳು ವಿನಿಫ್ರೆಡ್. ಅವನು ಅಂಗೈ ಬಿಡಿಸುವ ಮೊದಲೇ ಮುದುಕಿ ಕೂಗಿದಳು: "ರಾಜಯೋಗ ಕಣಪ್ಪ! ಬರೋ ಶನಿವಾರ ಕಿರೀಟ ನಿನ್ನ ತಲೆ ಮೇಲೆ!"

ಮಹಾನುಭಾವ ಅಂದಿನಿಂದ ನಿದ್ದೆ ಮಾಡಲಿಲ್ಲ.

"ಯೋಗ ಇದ್ರೆ ಸಾಲದು ರೀ, ಧೈರ್ಯಾನೂ ಬೇಕು," ಎಂದು ಹೆಂಡತಿ ಚುಚ್ಚಿದಳು. ಪುಡಿಯ ಪೊಟ್ಟಣ ತಂದುಕೊಟ್ಟವಳೂ ಅವಳೇ.

"ಅವನು ಕುಡೀದೆ ಹೋದ್ರೆ?"

"ನಾನು ಕಳ್ಸಿದ್ದು ಅಂತ ಹೇಳಿ. ಅವ್ರು ಯಾವತ್ತೂ ಬೇಡ ಅನ್ನಲ್ಲ."

ಶನಿವಾರ ಮಧ್ಯಾಹ್ನ, ಎರಡು ಗಂಟೆಯ ಆಟಕ್ಕೆ ಮುಂಚೆ, ಸೈಲಸ್ ಆ ಲೋಟವನ್ನು ಗ್ಯಾರವೇಯ ಮುಂದಿಟ್ಟ. ಕುಡಿಯುವುದನ್ನು ನೋಡುವ ಎದೆಗಾರಿಕೆ ಸಾಲದೆ ಕಿಟಕಿಯತ್ತ ತಿರುಗಿ ನಿಂತ. ಮತ್ತೆ ಈಚೆ ತಿರುಗಿದಾಗ ಲೋಟ ಖಾಲಿ. ಹತ್ತು ನಿಮಿಷದಲ್ಲಿ ಗ್ಯಾರವೇ ಹೊಟ್ಟೆ ಹಿಡಿದುಕೊಂಡು ನರಳತೊಡಗಿದ. ನರಳಾಟ ಕೊನೆಯ ಅಂಕದಷ್ಟೇ ಅಚ್ಚುಕಟ್ಟಾಗಿತ್ತು.

"ಸೈಲಸ್, ಇವತ್ತು ನೀನೇ ರಾಜ ಕಣಯ್ಯ. ನಾನು ರೂಮಿಗೆ ಹೋಗಿ ಬಿದ್ಕೋತೀನಿ. ಪರದೆ ಬೀಳೋವರ್ಗೂ ರಂಗ ಬಿಟ್ಟು ಕದಲ್ಬೇಡ!"

ವಿನಿಫ್ರೆಡ್ ಕಿರೀಟ ತೊಡಿಸಿದಳು. ಎಂದೂ ಇಲ್ಲದೆ ಹಣೆಗೆ ಮುತ್ತಿಟ್ಟಳು. "ಚೆನ್ನಾಗಿ ಆಳಿ," ಎಂದಳು. ಅವಳ ಕಣ್ಣು ತುಂಬಿದ್ದನ್ನು ಕಂಡು ಸೈಲಸ್ ಹೆಮ್ಮೆಯಿಂದ ಉಬ್ಬಿದ.

ಆಳಿದ. ಗರ್ಜಿಸಿದ. ಒಂಬತ್ತು ವರ್ಷ ಗಂಟಲಲ್ಲೇ ಕೂತಿದ್ದ ಮಾತುಗಳೆಲ್ಲ ಒಮ್ಮೆಗೇ ಹೊರಬಿದ್ದವು. ಕಡಲೆಕಾಯಿ ತಿನ್ನಲೆಂದೇ ನಾಟಕಕ್ಕೆ ಬರುವ ಹಿಂದಿನ ಸಾಲಿನವರೂ ತಿನ್ನುವುದನ್ನು ನಿಲ್ಲಿಸಿದರು. ಬಿಡುವಿನಲ್ಲಿ ಹೆಂಡತಿಗೆ ಹೇಳಿಕಳಿಸಿದ, ಬರಲಿಲ್ಲ. ರಾಣಿಯ ಲಂಗಕ್ಕೆ ಹೊಲಿಗೆ ಹಾಕುತ್ತಿರಬೇಕು ಎಂದುಕೊಂಡ. ದೊರೆಗಳಿಗೆ ಅಂಥ ಸಣ್ಣ ವಿಷಯ ಯಾಕೆ?

ಕೊನೆಯ ಅಂಕ. ಕೋಟೆಯ ಸುತ್ತ ಶತ್ರುಗಳು, ನಡುವೆ ಒಂಟಿ ರಾಜ. ರಾಣಿಯ ಸುದ್ದಿ ಹೇಳಲು ಸೇವಕ ಬರಬೇಕಾದ ಹೊತ್ತು. ಸೇವಕನ ಪಾರ್ಟಿನ ಮುದುಕ ಜೋನಸ್ ಆಡ್ಡಿ ಬಂದ, ಆದರೆ ಮಾತು ಮರೆತವನಂತೆ ನಿಂತುಬಿಟ್ಟ.

"ಬೊಗಳೋ!" ಎಂದು ರಾಜ ಅಬ್ಬರಿಸಿದ. ಜನ ಚಪ್ಪಾಳೆ ತಟ್ಟಿದರು.

ಮುದುಕ ಹತ್ತಿರ ಬಂದು ಕಿವಿಯಲ್ಲಿ ಉಸುರಿದ: "ಸೈಲಸ್ಸೂ, ಗ್ಯಾರವೇಗೆ ಹೊಟ್ಟೆನೋವೂ ಇಲ್ಲ, ಗಿಟ್ಟೆನೋವೂ ಇಲ್ಲ ಕಣಯ್ಯ, ಮೂರೂಕಾಲಿನ ಯಾರ್ಕ್ ರೈಲು ಹತ್ತಿ ಹೋದ, ಪಕ್ಕದಲ್ಲಿ ನಿನ್ನ ವಿನಿಫ್ರೆಡ್ಡು."