ಬಲವಂತದ ತುತ್ತು

ಬಲವಂತ ಮಾಡಿ ಬಡಿಸಿದ್ದು ಉಂಡವರ ಮೈಗೆ ಹತ್ತುವುದಿಲ್ಲ, ಬಡಿಸಿದವರ ಮೈಗೆ ಹತ್ತುತ್ತದೆ. ಹಾಗಾಗಿ ಯುಗಾದಿ ಕಳೆದ ಮೇಲೆ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಮೈ ಕರಗಿಸಲು ಸುತ್ತು ಹಾಕುವವರೆಲ್ಲ ಮನೆಯೊಡತಿಯರೇ.

"ಅಳಿಯ ಬೇಡ ಬೇಡ ಅಂದಷ್ಟೂ ಹೋಳಿಗೆ ಹಾಕಿದೆ ಕಣ್ರೀ. ಈಗ ನೋಡಿ, ಗುಂಡುಕಲ್ಲಾಗಿದೀನಿ," ಎಂದು ನನ್ನ ಜೊತೆ ಸುತ್ತು ಹಾಕುತ್ತಿದ್ದ ಸುನಂದಮ್ಮ ಏದುಸಿರು ಬಿಟ್ಟರು.

ಪಾರ್ಕಿನ ಎದುರು ಮನೆಯ ಜಗುಲಿಯಲ್ಲಿ ಪಂಕಜಾಕ್ಷಿ ಕೂತಿದ್ದರು. ಕಾಯಿಲೆ ಬಿದ್ದಾಗಿನಿಂದ ಅವರಿಗೆ ಊಟ ಸೇರುವುದಿಲ್ಲ. ಸ್ವಲ್ಪ ಮೈ ತುಂಬಿಕೊಳ್ಳದೆ ಆಪರೇಷನ್ ಮಾಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಹಬ್ಬಕ್ಕೆ ಅವರ ಮನೆಗೆ ಯಾರೂ ಬಂದಿರಲಿಲ್ಲ.

ಸುನಂದಮ್ಮ ನಡಿಗೆ ನಿಲ್ಲಿಸಿ ನನ್ನನ್ನು ಅಲ್ಲಿಗೆ ಎಳೆದೊಯ್ದರು.

ಪಂಕಜಾಕ್ಷಿ ಬಿಸಿ ಉಪ್ಪಿಟ್ಟು ತಂದರು. ಹಸಿದಿದ್ದ ನಾನು ತಟ್ಟೆಗೆ ಕೈ ಚಾಚಿದೆ. ಸುನಂದಮ್ಮ ಮೊಣಕೈಯಿಂದ ತಿವಿದರು. ತಟ್ಟನೆ ಕೈ ಹಿಂತೆಗೆದೆ.

"ಅಯ್ಯೋ, ಬೇಡಪ್ಪ."

"ಒಂದೇ ಸೌಟು, ನನ್ನಾಣೆ."

"ಖಂಡಿತ ಬೇಡ."

ಬೇಡವೆಂದಷ್ಟೂ ಬಡಿಸಿದರು. ನಾವು ತಿನ್ನುತ್ತಿದ್ದ ಹಾಗೆ, ಮೊಣಕೈವರೆಗೂ ಜಾರಾಡುತ್ತಿದ್ದ ಅವರ ಬಳೆ ಮುಂಗೈಯಲ್ಲೇ ನಿಂತಿತು.

ಹೊರಟಾಗ ಗೇಟಿನವರೆಗೂ ಬಂದು ಕೇಳಿದರು: "ನಾಳೆ ಏನು ಬೇಡ ನಿಮಗೆ?"

ಸುನಂದಮ್ಮ ಯೋಚಿಸಿ ಹೇಳಿದರು: "ಶಾವಿಗೆ ಪಾಯಸ ಬೇಡ."