ಹೊರಗಿನಿಂದ ಬೀಗ

"ಯಾರ್ರೀ ಮನೇಲಿ? ಮನೆ ಕಂದಾಯ!"

ಆ ದನಿ ಕೇಳಿದ್ದೇ ಮಗು ಕೊಸರಾಡಿತು. ತಾಯಿ ಅದರ ಬಾಯಿಗೆ ಅಂಗೈ ಒತ್ತಿ, ಗೋಡೆಗೆ ಆತು ಕುಳಿತಳು.

ಎಲ್ಲವನ್ನೂ ಬೆಳಿಗ್ಗೆಯೇ ಅಣಿ ಮಾಡಿದ್ದಳು. ಚಪ್ಪಲಿಗಳು ಒಳಗೆ. ತಂತಿಯ ಮೇಲೆ ಒಂದು ಒದ್ದೆ ಬಟ್ಟೆಯಿಲ್ಲ. ಮೀಟರಿನ ಚಕ್ರ ತಿರುಗದಂತೆ ದೀಪ, ಫ್ಯಾನು ಎಲ್ಲ ಆರಿಸಿದ್ದಳು. ಪಕ್ಕದ ಮನೆಯಾಕೆ ಹೊರಗಿನಿಂದ ಬೀಗ ಜಡಿದು ಹೋಗಿದ್ದಳು. ವಸೂಲಿಗೆ ಬಂದವರ ಕಣ್ಣು ಎಲ್ಲೆಲ್ಲಿ ಓಡುತ್ತದೆಂಬುದು ಅವಳಿಗೆ ಬಾಯಿಪಾಠವಾಗಿತ್ತು.

ಗಂಡನ ಸಂಬಳ ಬಂದು ತಿಂಗಳುಗಳೇ ಆಗಿದ್ದವು. ಕಂದಾಯ ಬಾಕಿ ಬಿದ್ದಿತ್ತು. ಮನೆಯ ದೊಡ್ಡವರೊಬ್ಬರ ಕೈಗೆ ನೋಟೀಸು ಕೊಟ್ಟರೆ ಸಾಕು, ಅಲ್ಲೇ ನಿಂತು ನಲ್ಲಿ ಕತ್ತರಿಸಬಹುದು. ಬೀಗವಿದ್ದರೆ ಮಾತ್ರ ಮುಂದಿನ ತಿಂಗಳು ಬರಬೇಕು. ಅದು ನಿಯಮ. ನಲ್ಲಿ ಹೋದರೆ ಆ ಬೀದಿಯಲ್ಲಿ ಬೇರೆ ನೀರಿಲ್ಲ.

ಇವತ್ತು ವಸೂಲಿಗಾರನ ಜೊತೆ ಹೊಸ ಸಾಹೇಬರೂ ಬಂದಿದ್ದರು. ಊರಿಗೆ ಬಂದು ವಾರವೂ ಆಗಿರದ, ಬಡವ ಬಲ್ಲಿದ ಎಂದು ನೋಡದ ಮನುಷ್ಯ.

"ಒಳಗೇನೋ ಸದ್ದಾಯ್ತಲ್ರೀ."

"ಇಲಿ ಇರಬೇಕು ಸಾರ್."

"ಮನೆ ಯಾರ ಹೆಸರಲ್ಲಿದೆ?"

"ತೀರಿಕೊಂಡ ಹಿರಿಯರ ಹೆಸರಲ್ಲೇ ಇದೆ ಸಾರ್. ಈಗ ಇರೋರು ಮಹಾ ಕಿಲಾಡಿಗಳು. ಯಜಮಾನನಂತೂ ಶುದ್ಧ ಮೈಗಳ್ಳ. ಹೆತ್ತವಳು ನಾಲ್ಕು ಬಾರಿಸಿ ಬೆಳೆಸಿದ್ರೆ ಹೀಗಾಗ್ತಿರಲಿಲ್ಲ."

ಮಂಚದ ಮೇಲಿದ್ದ ಅತ್ತೆಯ ಕಣ್ಣು ಕೆಂಪಾಯಿತು. "ಕೇಳಿದ್ಯೇನೇ ಅವನ ನಾಲಿಗೆ? ಸಿಗಲಿ ನನ್ನ ಕೈಗೆ!"

"ನಿಮ್ಮ ದಮ್ಮಯ್ಯ ಅತ್ತೆ, ಸುಮ್ನಿರಿ," ಸೊಸೆ ಪಿಸುಗುಟ್ಟಿದಳು.

ಕಿಟಕಿಯ ಸಂದಿನಿಂದ ನೆಲಕ್ಕೆ ಬಿದ್ದಿದ್ದ ಬಿಸಿಲಕೋಲು ತಟ್ಟನೆ ಮಾಯವಾಯಿತು. ಸಾಹೇಬರು ಸಂದಿಗೆ ಕಣ್ಣಿಟ್ಟಿದ್ದರು. ಅವಳು ಉಸಿರು ಹಿಡಿದಳು. ಮಗುವಿನ ಬಿಸಿಯುಸಿರು ಅಂಗೈ ಸುಡುತ್ತಿತ್ತು.

"ಬೀಗ ಒಡೆದೇ ಬಿಡೋಣ್ವಾ?"

"ಒಡೀಬಹುದು ಸಾರ್. ನಾಳೆ ಬಂದು ಒಡವೆ ಹೋಯ್ತು, ಪಾತ್ರೆ ಹೋಯ್ತು ಅಂತ ಬೀದೀಲಿ ಕೂತು ಬಾಯಿ ಬಡ್ಕೊಂಡ್ರೆ ಉತ್ತರ ಕೊಡೋರು ನಾವೇ."

ಬಿಸಿಲು ಮತ್ತೆ ನೆಲಕ್ಕಿಳಿಯಿತು.

"ನಡೀರಿ, ಮುಂದಿನ ಮನೆ."

ಬೂಟುಗಳ ಸದ್ದು ದೂರವಾಗುವವರೆಗೂ ಅವಳು ಕೈ ತೆಗೆಯಲಿಲ್ಲ.

ಊಟದ ಹೊತ್ತಿಗೆ ಹಿತ್ತಲ ಬಾಗಿಲು ಮೆಲ್ಲಗೆ ಸದ್ದಾಯಿತು. ಯಾರೆಂದು ಕೇಳದೆ ಅವಳು ಚಿಲಕ ತೆಗೆದಳು. ವಸೂಲಿಗಾರ ಒಳಗೆ ಬಂದು ಹೆಗಲ ಚೀಲವನ್ನು ಮೊಳೆಗೆ ತಗುಲಿಸಿದ. ಮಗು ಓಡಿಹೋಗಿ ಅವನ ಕಾಲು ತಬ್ಬಿತು.

"ಅಪ್ಪಾ!"

ತಟ್ಟೆ ಇಡುತ್ತ ಅವಳು ಕೇಳಿದಳು: "ಹೊಸ ಸಾಹೇಬರ ಹತ್ರ ಸಂಬಳದ ಮಾತು ಎತ್ತಿದ್ರಾ?"

"ಎತ್ತಿದೆ. ಊರಿನ ಕಂದಾಯವೆಲ್ಲ ವಸೂಲಾಗಲಿ, ಆಮೇಲೆ ಕೊಡ್ತೀವಿ ಅಂದ್ರು."