ಎರಡನೇ ಬಸ್ಸು

ಬೆಳಗಿನ ಒಂದೇ ಬಸ್ಸು ಹಿಂದಿನ ನಿಲ್ದಾಣಗಳಲ್ಲೇ ತುಂಬಿಕೊಂಡು, ನಗರದಂಚಿನ ಆ ಹೊಸ ಬಡಾವಣೆಯಲ್ಲಿ ನಿಲ್ಲದೆ ಹೋಗುತ್ತಿತ್ತು. ಇನ್ನೊಂದು ದಿನ ತಡವಾದರೆ ಕೆಲಸವಿಲ್ಲ ಎಂದು ಅಲ್ಲಿನ ಶಿವಗಂಗಮ್ಮನಿಗೆ ಅವಳ ಗಾರ್ಮೆಂಟ್ಸ್ ಸೂಪರ್‌ವೈಸರ್ ಹೇಳಿಯಾಗಿತ್ತು. ಮಹಾನಗರದ ಮುಂದಿನ ಇಪ್ಪತ್ತು ವರ್ಷಗಳ ಸಂಚಾರವನ್ನು ಯೋಜಿಸುವ ಕಚೇರಿಗೆ ಹೋಗಿ ಅವಳು ಎರಡನೇ ಬಸ್ಸು ಕೇಳಿದಳು.

"ನಿಮ್ ಸ್ಟಾಪಲ್ಲಿ ಯಾರೂ ಹತ್ತೋದೇ ಇಲ್ವಲ್ಲಮ್ಮ. ಸರ್ವೇ ಮಾಡಿದೀವಿ," ಎಂದ ಅಧಿಕಾರಿ.

"ನಿಲ್ಸಿದ್ರೆ ತಾನೇ ಸಾರ್ ಹತ್ತೋದು?"

"ಅದೆಲ್ಲ ಸರ್ವೇಲಿ ಬರಲ್ಲ. ಹತ್ತಿದೋರನ್ನ ಮಾತ್ರ ಎಣಿಸೋದು ನಾವು. ಸೋಮವಾರ ನಾನೇ ಬರ್ತೀನಿ, ಹತ್ತಿ ತೋರ್ಸಿ."

ಸೋಮವಾರ ಬಡಾವಣೆಯವರೆಲ್ಲ ರಸ್ತೆಗೆ ಅಡ್ಡ ನಿಂತು ಬಸ್ಸು ನಿಲ್ಲಿಸಿದರು. ಒಬ್ಬರನ್ನೊಬ್ಬರು ಎಳೆದು, ತಳ್ಳಿ, ಮುದುಕರನ್ನು ಕಿಟಕಿಯಿಂದ ತೂರಿಸಿ, ಹೇಗೋ ಎಲ್ಲರೂ ಹತ್ತಿದರು. ಕೆಲವರು ಬಸ್ಸಿನ ಹಿಂದಿನ ಏಣಿ ಹಿಡಿದು ನೇತಾಡಿದರು. ಅಧಿಕಾರಿ ಒಬ್ಬರನ್ನೂ ಬಿಡದೆ ಎಣಿಸಿದ.

ಬಾಗಿಲಿಗೆ ಜೋತುಬಿದ್ದ ಶಿವಗಂಗಮ್ಮ ಗೆದ್ದವಳಂತೆ ಕೂಗಿದಳು: "ನೋಡಿದ್ರಾ ಸಾರ್, ಎಷ್ಟು ಜನ ಇದೀವಿ ಅಂತ? ಈಗ ಕೊಡ್ತೀರ ತಾನೇ ಇನ್ನೊಂದು ಬಸ್ಸು?"

ಅಧಿಕಾರಿ ಖಾಲಿಯಾದ ನಿಲ್ದಾಣದ ಕಡೆಗೊಮ್ಮೆ ನೋಡಿದ.

"ಇನ್ನೊಂದು ಯಾಕಮ್ಮ? ಎಲ್ರೂ ಇದರಲ್ಲೇ ಹಿಡಿಸಿದ್ರಲ್ಲ!"